ಏರ್‌ಫಿಟ್ ಎನ್20: ನಮ್ಮ ಮನೆಯವರು ಕಿತ್ತು ಹಾಕದ ಮಾಸ್ಕ್

ಸ್ಲೀಪ್ ಅಪ್ನಿಯಾಗೆ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆಗೆ, ಸಿಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಮಷೀನ್) ತಗೊಳ್ಳುವವರು ಮಷೀನಿನ ಬಗ್ಗೆ ನೂರೆಂಟು ವಿಚಾರಿಸುತ್ತಾರೆ. ಮಾಸ್ಕ್ ಬಗ್ಗೆ ಕೇಳುವವರು ಕಮ್ಮಿ. ರಾತ್ರಿಯಿಡೀ ಮುಖದ ಮೇಲೆ ಇರುವುದು ಅದೇ ಅಲ್ವಾ? ಅದಕ್ಕೇ ರೆಸ್‌ಮೆಡ್ ಕಂಪನಿಯ ಏರ್‌ಫಿಟ್ ಎನ್20 ಮಾಸ್ಕ್ ಬಗ್ಗೆ ಬರೆಯುತ್ತಿದ್ದೇನೆ.

ಮೊದಲು ಬೇರೆ ಕಡೆಯಿಂದ ಮಷೀನ್ ಜೊತೆ, ಮೂಗು ಬಾಯಿ ಎರಡನ್ನೂ ಮುಚ್ಚುವ ಒಂದು ಫುಲ್ ಫೇಸ್ ಮಾಸ್ಕ್ ಬಂತು. ಮುಖದ ಅಳತೆ ಯಾರೂ ನೋಡಲಿಲ್ಲ. ಗಾಳಿ ಮೇಲಿಂದ ಸೋರಿ ಸೀದಾ ಕಣ್ಣಿಗೆ ಹೊಡೆಯುತ್ತಿತ್ತು. ಪಟ್ಟಿ ಬಿಗಿ ಮಾಡಿದರೆ ಮೂಗಿನ ಮೇಲೆ, ಕನ್ನಡಕ ಕೂರುವ ಜಾಗದಲ್ಲಿ, ಚರ್ಮ ಸುಲಿಯುತ್ತಿತ್ತು. "ಬೇಡ ಮಾರಾಯ್ತಿ, ಉಸಿರು ಕಟ್ಟಿದ ಹಾಗಾಗ್ತದೆ" ಎಂದು ನಡುರಾತ್ರಿ ಕಿತ್ತಿಡುತ್ತಿದ್ದರು. ಆಮೇಲೆ ಗೊರಕೆ. ಸ್ವಲ್ಪ ಹೊತ್ತಿಗೆ ಗೊರಕೆಯೂ ನಿಂತು ಸದ್ದೇ ಇಲ್ಲ. ಆ ಹೊತ್ತಿನ ಭಯ ಪಕ್ಕದಲ್ಲಿ ಮಲಗಿದವರಿಗೇ ಗೊತ್ತು. ಬೆಳಗಾದರೆ ಮಲ್ಲಂದೂರು ಕಡೆಯಿಂದ ಚಿಕ್ಕಮಗಳೂರಿಗೆ ಜೀಪ್ ಓಡಿಸುವ ಮನುಷ್ಯ, ತಿರುವಿನಲ್ಲಿ ತೂಕಡಿಸಿದರೆ ಗತಿ ಏನು?

ದಿನಾ ಎಷ್ಟು ಹೊತ್ತು ಹಾಕಿದ್ದಾರೆ ಅಂತ ದಾಖಲಾಗುವ ಮಷೀನಿನ ಕಾರ್ಡನ್ನು ಡಾಕ್ಟರ್ ನೋಡಿದರು. ರಾತ್ರಿಗೆ 4 ಗಂಟೆ, ನೂರಕ್ಕೆ 70 ರಾತ್ರಿಯಾದರೂ ಹಾಕಬೇಕು ಎನ್ನುವುದು ಸಾಮಾನ್ಯವಾಗಿ ಹೇಳುವ ಕನಿಷ್ಠ ಲೆಕ್ಕ. ಜಾಸ್ತಿ ಹಾಕಿದಷ್ಟೂ ಒಳ್ಳೆಯದೇ. ಬೈಯಲಿಲ್ಲ, ಮೊದಲು ಮಾಸ್ಕ್ ಬದಲಿಸಿ ಅಂದರು. 1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ ಈ ಚಿಕಿತ್ಸೆ ಬಗ್ಗೆ ಮೊದಲು ಬರೆದಾಗ, ಮಾಸ್ಕನ್ನು ದಿನಾ ರಾತ್ರಿ ಮುಖಕ್ಕೆ ಅಂಟಿಸಬೇಕಿತ್ತಂತೆ. ಮಾಸ್ಕಿನ ತಾಪತ್ರಯ ಇವತ್ತಿನದಲ್ಲ.

ಎನ್20 ಬರೀ ಮೂಗನ್ನು ಮುಚ್ಚುತ್ತದೆ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಮಂಚದ ಮೇಲೆ ಮಲಗಿಸಿ, ಇವರ ಪ್ರೆಷರ್‌ನಲ್ಲೇ ಮಷೀನ್ ಹಾಕಿ, ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಿದರು. ಕೂತಾಗ ಸರಿಯಿದ್ದ ಮೀಡಿಯಂ ಮಲಗಿದಾಗ ಸೋರಿತು. ಲಾರ್ಜ್ ಸರಿಯಾಯಿತು. ಹಾಕುವ ಕ್ರಮವನ್ನೂ ಅಲ್ಲೇ ಕಲಿಸಿದರು. ಪಟ್ಟಿ ಸಡಿಲ ಇಟ್ಟು, ಗಾಳಿ ಬಿಟ್ಟು, ಮಾಸ್ಕನ್ನು ಒಂದು ಚೂರು ಮುಂದಕ್ಕೆ ಎಳೆದು ಬಿಡಬೇಕು. ತೆಳು ಸಿಲಿಕೋನ್ ಕುಶನ್ ಗಾಳಿ ತುಂಬಿಕೊಂಡು ಪೂರಿಯ ಹಾಗೆ ಉಬ್ಬಿ ಮೂಗಿನ ಸುತ್ತ ತಾನೇ ಕೂರುತ್ತದೆ. ಪಟ್ಟಿ ಎಳೆಯುವುದು ಆಮೇಲೆ, ಅದೂ ಸ್ವಲ್ಪವೇ.

ಈಗ ಬೆಳಗಿನವರೆಗೂ ಹಾಕಿಕೊಂಡಿರುತ್ತಾರೆ. ಮೂಗಿನ ಮೇಲಿನ ಗಾಯ ಮಾಯ್ದಿದೆ. ರಾತ್ರಿ ಎದ್ದರೆ ಪೈಪನ್ನಷ್ಟೇ ಕಳಚಿ ಹೋಗಬಹುದು, ಮಾಸ್ಕ್ ತೆಗೆಯುವುದು ಬೇಡ. ಇದು ದೊಡ್ಡ ಅನುಕೂಲ.

ಆದರೆ ಎಲ್ಲರಿಗೂ ಆಗುವ ಮಾಸ್ಕ್ ಅಲ್ಲ. ಬಾಯಿ ಬಿಟ್ಟುಕೊಂಡು ಮಲಗುವವರಿಗೆ ಗಾಳಿ ಬಾಯಿಂದ ಹೋಗಿಬಿಡುತ್ತದೆ. ಕ್ಲಿಪ್ಪಿನಲ್ಲಿ ಅಯಸ್ಕಾಂತ ಇದೆ. ಪೇಸ್‌ಮೇಕರ್ ಇದ್ದವರು, ಅಂಥವರ ಪಕ್ಕ ಮಲಗುವವರು ಅಯಸ್ಕಾಂತದ ಮಾಸ್ಕ್ ಹಾಕಬಾರದು, ಡಾಕ್ಟರನ್ನು ಕೇಳಿ ಅಯಸ್ಕಾಂತ ಇಲ್ಲದ್ದನ್ನು ತಗೊಳ್ಳಿ. ಮುಂಭಾಗದ ಸಣ್ಣ ತೂತುಗಳು ಬಿಟ್ಟ ಉಸಿರು ಹೊರಹೋಗಲು ಇರುವುದು, ಸದ್ದು ಬರುತ್ತದೆ ಅಂತ ಮುಚ್ಚಲೇಬಾರದು.

ನಮ್ಮ ಕಡೆಯ ಚಳಿಗೆ ಪೈಪಿನೊಳಗೆ ನೀರು ಕಟ್ಟಿ ಗುಳುಗುಳು ಅನ್ನುತ್ತದೆ. ಯಾವ ಮಾಸ್ಕ್ ಇದ್ದರೂ ಅಷ್ಟೇ. ಪೈಪನ್ನು ಕಂಬಳಿಯೊಳಗೆ ಸೇರಿಸಿ, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಕಮ್ಮಿ ಮಾಡಿದರೆ ಸರಿಹೋಗುತ್ತದೆ. ಮಲಗುವ ಮುಂಚೆ ಮುಖ ತೊಳೆಯಲಿ, ಎಣ್ಣೆ ಮುಖಕ್ಕೆ ಕುಶನ್ ಜಾರುತ್ತದೆ. ಬೆಳಿಗ್ಗೆ ಸೋಪಿನ ನೀರಲ್ಲಿ ಕುಶನ್ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಅದು ಮೆತ್ತಗಾಗಿ ಸೋರಲು ಶುರುವಾದರೆ ಇಡೀ ಮಾಸ್ಕ್ ಕೊಳ್ಳಬೇಕಿಲ್ಲ, ಕುಶನ್ ಬಿಡಿಯಾಗಿಯೂ ಸಿಗುತ್ತದೆ.