1,68,000 ಮೈಲಿ ಓಡಿದ ಪೋರ್ಷೆ ಬಾಕ್ಸ್‌ಸ್ಟರ್: ಕೊಳ್ಳುವ ಮುನ್ನ ಇದನ್ನು ಓದಿ

ಅಮೆರಿಕದಲ್ಲಿರುವ ನಮ್ಮವರಲ್ಲಿ ಎರಡನೇ ಕಾರಾಗಿ ಹಳೆಯ ಪೋರ್ಷೆ ಹುಡುಕುವವರು ಇದ್ದಾರೆ. ಕೈಗೆಟಕುವ ಬೆಲೆಗೆ ಸಿಗುವುದು 986 ಎಂಬ ಮೊದಲ ತಲೆಮಾರಿನ ಬಾಕ್ಸ್‌ಸ್ಟರ್ ಮತ್ತು ಅದೇ ಕಾಲದ 911, ಅಂದರೆ 996. ಒಂದೂವರೆ ಲಕ್ಷ ಮೈಲಿ ದಾಟಿದ ಗಾಡಿಯಾದರೆ ಬೆಲೆ ಇನ್ನೂ ಇಳಿಯುತ್ತದೆ. ಆ ಬೆಲೆ ನೋಡಿ ಮುಂಗಡ ಕೊಡುವ ಮೊದಲು ಒಂದು ಕಾರಿಗೆ ಏನಾಯಿತು ಎಂಬುದನ್ನು ತಿಳಿದುಕೊಳ್ಳಿ.

2002ರ ಬಾಕ್ಸ್‌ಸ್ಟರ್ ಎಸ್, 3.2 ಲೀಟರ್ ಎಂಜಿನ್, ಆರು ಗೇರಿನ ಮ್ಯಾನ್ಯುವಲ್, 1,68,000 ಮೈಲಿ. "ಐಎಂಎಸ್ ಬದಲಾಯಿಸಿ ಆಗಿದೆ, ಚಿಂತೆ ಬೇಡ" ಎಂದು ಮಾರುವವರು ಎಂಜಿನ್ ಒಳಗಿನ ಆ ಬೇರಿಂಗಿನ ರಸೀದಿ ತೋರಿಸಿದರು. ರಸೀದಿ ಅಸಲಿಯೇ. ಆದರೆ ಅದರ ಮೇಲಿದ್ದ ಓಡೋಮೀಟರ್ ಲೆಕ್ಕ 74,000 ಮೈಲಿ. ಕೊಂಡವರು ಐಎಂಎಸ್ ಎಂಬ ಮೂರಕ್ಷರ ನೋಡಿದರು, ಆ ಸಂಖ್ಯೆ ನೋಡಲಿಲ್ಲ. ಕೆಲವೇ ತಿಂಗಳಲ್ಲಿ ಫ್ರೀವೇಯಲ್ಲಿ ಹಿಂದಿನಿಂದ ಕಟಕಟ ಸದ್ದು ಬಂತು. ಪಕ್ಕಕ್ಕೆ ನಿಲ್ಲಿಸುವಷ್ಟರಲ್ಲಿ ಎಂಜಿನ್ ಆರಿತು. ಬಿಚ್ಚಿದಾಗ ಬೇರಿಂಗ್ ಪುಡಿಯಾಗಿತ್ತು, ಟೈಮಿಂಗ್ ತಪ್ಪಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗಿದ್ದವು, ಉಕ್ಕಿನ ಪುಡಿ ಆಯಿಲ್ ಹರಿಯುವ ದಾರಿಯಲ್ಲೆಲ್ಲ ಕೂತಿತ್ತು. ಇಂಥ ಎಂಜಿನ್ ಮತ್ತೆ ಕಟ್ಟಿಸಲು 15,000 ಡಾಲರ್ ದಾಟುವುದು ಸಾಮಾನ್ಯ. ಆ ಕಾರಿಗೆ ಕೊಟ್ಟ ಬೆಲೆ ಅದಕ್ಕಿಂತ ಎಷ್ಟೋ ಕಡಿಮೆ. ಕೊನೆಗೆ ಅದು ಬಿಡಿಭಾಗಗಳಿಗಾಗಿ ಮಾರಾಟವಾಯಿತು.

ಐಎಂಎಸ್ ಎಂದರೆ ಇಂಟರ್‌ಮೀಡಿಯೆಟ್ ಶಾಫ್ಟ್. ಕ್ರ್ಯಾಂಕ್‌ನಿಂದ ಚೈನ್ ಮೂಲಕ ತಿರುಗಿ, ವಾಲ್ವ್ ತೆರೆಯುವ ಕ್ಯಾಮ್‌ಗಳನ್ನು ತಿರುಗಿಸುವುದು ಅದರ ಕೆಲಸ. ಅದರ ಒಂದು ತುದಿ ಮೂಲತಃ ಸೀಲ್ ಮಾಡಿದ ಬಾಲ್ ಬೇರಿಂಗ್ ಮೇಲೆ ನಿಂತಿದೆ. ಬಿಸಿ ಆಯಿಲ್ ನಿಧಾನವಾಗಿ ಸೀಲ್ ದಾಟಿ ಒಳಗಿನ ಗ್ರೀಸ್ ತೊಳೆದುಬಿಡುತ್ತದೆ. ಆಮೇಲೆ ಒಳಗೇ ನಿಂತ ಹಳಸು ಆಯಿಲ್‌ನಲ್ಲಿ ಬಾಲ್‌ಗಳು ಸವೆಯುತ್ತವೆ. 2000ದ ಸುಮಾರಿಗೆ ಬಂದ ಒಂದೇ ಸಾಲಿನ ಚಿಕ್ಕ ಬೇರಿಂಗ್ ಹೆಚ್ಚು ತೊಂದರೆ ಕೊಟ್ಟಿತು. 2001ರಿಂದ 2005ರ ಮಾದರಿಗಳ ಬಗ್ಗೆ ಅಮೆರಿಕದಲ್ಲಿ ಮಾಲೀಕರು ಒಟ್ಟಾಗಿ ಹೂಡಿದ ದಾವೆ 2013ರಲ್ಲಿ ರಾಜಿಯಾಯಿತು. ಆ ಪರಿಹಾರದ ಅವಧಿ ಎಂದೋ ಮುಗಿದಿದೆ, ಈಗ ಖರ್ಚೆಲ್ಲ ನಿಮ್ಮದೇ.

"ಇಷ್ಟು ಮೈಲಿ ತಾಳಿದೆ ಎಂದರೆ ಬೇರಿಂಗ್ ಗಟ್ಟಿ ಎಂದೇ ಅರ್ಥ" ಎಂಬ ಮಾತನ್ನು ಮಾರುವವರೆಲ್ಲ ಹೇಳುತ್ತಾರೆ. ಇದು ಅರ್ಧ ನಿಜ. ದಿನವೂ ಹೈವೇಯಲ್ಲಿ ಓಡಿ, 5,000 ಮೈಲಿಗೊಮ್ಮೆ ಆಯಿಲ್ ಬದಲಿಸಿಕೊಂಡ ಕಾರು, ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಾರಿಗಿಂತ ಎಷ್ಟೋ ವಾಸಿ. ಕಡಿಮೆ ಓಡಿದ ಕಾರುಗಳಲ್ಲೂ ಈ ಬೇರಿಂಗ್ ಹೋಗಿದೆ. ಆದರೆ ಒಮ್ಮೆ ಬದಲಿಸಿದ ಮೇಲೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ, ಬದಲಿ ಬಾಲ್ ಬೇರಿಂಗ್‌ಗೂ ತಯಾರಕರು ಆಯುಷ್ಯ ನಿಗದಿ ಮಾಡಿರುತ್ತಾರೆ. ಮೇಲಿನ ಕಾರಿನಲ್ಲಿ ಬದಲಿ ಬೇರಿಂಗ್ 94,000 ಮೈಲಿ ಓಡಿತ್ತು. ಹಾಗಾಗಿ ಬೇರಿಂಗ್ ಬದಲಾಗಿದೆಯೇ ಎಂದಷ್ಟೇ ಕೇಳಬೇಡಿ. ಎಷ್ಟು ಮೈಲಿಗೆ, ಯಾವ ಬಗೆಯದು ಹಾಕಿದರು, ಅಂದು ಆಯಿಲ್ ಫಿಲ್ಟರ್‌ನಲ್ಲಿ ಲೋಹ ಇತ್ತೇ ಎಂದು ಕೇಳಿ.

ಫಿಲ್ಟರ್ ಪರೀಕ್ಷೆಯನ್ನು ಬಿಡಲೇಬೇಡಿ. ಎಂಜಿನ್ ಕೆಳಗಿರುವ ಪ್ಲಾಸ್ಟಿಕ್ ಡಬ್ಬಿಯನ್ನು 74 ಮಿಲಿಮೀಟರ್, 14 ಮೂಲೆಯ ಕ್ಯಾಪ್ ವ್ರೆಂಚ್‌ನಿಂದ ಬಿಚ್ಚಬೇಕು. ಒಳಗಿನ ಕಾಗದದ ಫಿಲ್ಟರಿನ ಎರಡೂ ತುದಿ ಚಾಕುವಿನಿಂದ ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ, ಆಯಿಲ್ ಹಿಂಡಿ ಬಿಸಿಲಿನಲ್ಲಿ ಹರಡಿ. ಮಿನುಗುವ ಚೂರು ಕಂಡರೆ ಕಾಗದದ ಅಡಿಯಲ್ಲಿ ಅಯಸ್ಕಾಂತ ಆಡಿಸಿ. ಅಂಟಿ ಚಲಿಸಿದರೆ ಅದು ಉಕ್ಕು, ಬೇರಿಂಗ್ ಸವೆಯುತ್ತಿರಬಹುದು. ಅಂಟದೆ ಹೊಳೆದರೆ ಅಲ್ಯೂಮಿನಿಯಂ ಇರಬಹುದು, ಅದೂ ಒಳ್ಳೆಯದಲ್ಲ. ಕಂದು ಪ್ಲಾಸ್ಟಿಕ್ ಚೂರುಗಳು ಚೈನ್ ಉಜ್ಜುವ ಪ್ಯಾಡ್‌ಗಳದ್ದು. ನಿನ್ನೆಯಷ್ಟೇ ಆಯಿಲ್ ಬದಲಿಸಿದ ಕಾರಿನಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ. ಮಾರಾಟಕ್ಕೆ ಮುನ್ನ ಹೊಸ ಆಯಿಲ್ ಹಾಕಿದ್ದನ್ನು ಉಪಕಾರ ಎಂದುಕೊಳ್ಳಬೇಡಿ, ಹಳೆಯ ಫಿಲ್ಟರ್ ಎಲ್ಲಿದೆ ಎಂದು ಕೇಳಿ.

ಇನ್ನು ಎಂಜಿನ್ ಕಂಪ್ಯೂಟರ್. ಡ್ಯುರಾಮೆಟ್ರಿಕ್‌ನಂಥ ಸಾಧನ ಜೋಡಿಸಿದರೆ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದು ಸಿಗುತ್ತದೆ. ಮೈಲಿಯನ್ನು ಗಂಟೆಯಿಂದ ಭಾಗಿಸಿ. 1,68,000 ಮೈಲಿಗೆ 4,800 ಗಂಟೆ ಎಂದರೆ ಸರಾಸರಿ 35 ಮೈಲಿ ವೇಗ, ಹೈವೇ ಕಂಡ ಗಾಡಿ. ಅದೇ 4,800 ಗಂಟೆಗೆ ಓಡೋಮೀಟರ್ ಬರೀ 80,000 ತೋರಿಸಿದರೆ ಒಂದೋ ಕಾರು ಟ್ರಾಫಿಕ್‌ನಲ್ಲೇ ಕಾಲ ಕಳೆದಿದೆ, ಇಲ್ಲವೇ ಮೀಟರ್ ಮೇಲೆ ಯಾರೋ ಕೈ ಆಡಿಸಿದ್ದಾರೆ. ಮಿತಿ ಮೀರಿ ರೇಸ್ ಆದ ಲೆಕ್ಕವೂ ಅದರಲ್ಲೇ ಇರುತ್ತದೆ. ಐದನೇ ಗೇರಿನಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದರೆ, ಎಂಜಿನ್ ವೇಗ ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಕೂಡ ಅದನ್ನು ಕಾಪಾಡಲಾರದು. ಎರಡನೇ ರೇಂಜ್‌ನಲ್ಲಿ, ಅಂದರೆ ಮಿತಿಯನ್ನು ಬಹಳ ಮೀರಿದ ಲೆಕ್ಕದಲ್ಲಿ, ಎಣಿಕೆ ಕಂಡರೆ ಅದು ಎಷ್ಟನೇ ಗಂಟೆಯಲ್ಲಿ ಆದದ್ದು ನೋಡಿ. ಸಾವಿರ ಗಂಟೆ ಹಿಂದಿನದಾದರೆ ಎಂಜಿನ್ ಆಮೇಲೂ ಓಡಿದೆ ಎಂಬ ಸಮಾಧಾನವಿದೆ. ಮೊನ್ನೆಯದಾದರೆ ವಾಪಸ್ ಬನ್ನಿ.

ಕಾರು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದರೆ ಇನ್ನೊಂದು ದಿನ ಹೋಗಿ. ದಟ್ಟ ಬಿಳಿ ಹೊಗೆ ಎದ್ದು ರಸ್ತೆ ತುಂಬಿದರೆ ಎಂಜಿನ್ ಒಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಏರ್ ಆಯಿಲ್ ಸೆಪರೇಟರ್ ಹೋಗಿರುವ ಸಾಧ್ಯತೆ ಹೆಚ್ಚು. ಐಡಲ್‌ನಲ್ಲಿ ಆಯಿಲ್ ತುಂಬುವ ಮುಚ್ಚಳ ತೆಗೆಯಲು ಹೋದಾಗ ಒಳಗಿನಿಂದ ಬಲವಾಗಿ ಎಳೆದುಕೊಂಡರೂ ಅನುಮಾನ ಅದರ ಮೇಲೆಯೇ. 996 ಆಗಿದ್ದರೆ ಆರೂ ಸಿಲಿಂಡರ್‌ಗಳಿಗೆ ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ನೋಡಿಸಲೇಬೇಕು. ಗೋಡೆಯಲ್ಲಿ ಉದ್ದಕ್ಕೆ ಗೀರು ಬಿದ್ದಿದ್ದರೆ ಆಯಿಲ್ ಕುಡಿಯುತ್ತದೆ, ಹೊಗೆ ಕೊಳವೆಗಳಲ್ಲಿ ಒಂದು ಮಾತ್ರ ಹೆಚ್ಚು ಕಪ್ಪಾಗಿರುತ್ತದೆ.

ಬಾಕ್ಸ್‌ಸ್ಟರ್‌ನಲ್ಲಿ ಎರಡು ಕಡೆ ಕಾರ್ಪೆಟ್ ಎತ್ತಿ ನೋಡಿ. ಹಿಂದಿನ ಡಿಕ್ಕಿಯಲ್ಲಿ ಒದ್ದೆ ಇದ್ದರೆ ಕೂಲೆಂಟ್ ಟ್ಯಾಂಕಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿರಬಹುದು. ಸೀಟಿನ ಕೆಳಗೆ ಒದ್ದೆ ಇದ್ದರೆ ಛಾವಣಿಯ ನೀರಿಳಿಯುವ ರಂಧ್ರ ಕಟ್ಟಿದೆ. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಪೆಟ್ಟಿಗೆ ಇರುವುದು ಅಲ್ಲೇ. ಅದು ನೀರು ಕುಡಿದರೆ ಕೀ ಇದ್ದರೂ ಕಾರು ಸ್ಟಾರ್ಟ್ ಆಗುವುದಿಲ್ಲ. ಮುಂದಿನ ಬಂಪರ್ ಒಳಗೆ ರೇಡಿಯೇಟರ್ ಮುಂದೆ ಒಣ ಎಲೆ ರಾಶಿ ಬಿದ್ದಿದ್ದರೆ ಅದು ಕೊಳೆತು ರೇಡಿಯೇಟರ್ ತಿಂದಿರುತ್ತದೆ.

ಎಲ್ಲ ಸರಿಯಿದ್ದರೂ ಇಷ್ಟು ಓಡಿದ ಕಾರಿಗೆ ಗೇರ್‌ಬಾಕ್ಸ್ ಇಳಿಸುವ ಕೆಲಸ ಒಮ್ಮೆ ಬಂದೇ ಬರುತ್ತದೆ. ಇಳಿಸಿದಾಗ ಕ್ಲಚ್, ಹಿಂದಿನ ಮುಖ್ಯ ಸೀಲ್, ಐಎಂಎಸ್ ಬೇರಿಂಗ್, ಸೆಪರೇಟರ್ ನಾಲ್ಕನ್ನೂ ಒಟ್ಟಿಗೆ ಮಾಡಿಸಿ, ಮಜೂರಿ ಒಂದೇ ಸಲ ಬೀಳುತ್ತದೆ. ಸಸ್ಪೆನ್ಷನ್ ತೋಳುಗಳು ಮತ್ತು ವಾಟರ್ ಪಂಪ್ ಬೇರೆ. ಕಾರಿನ ಬೆಲೆಯಷ್ಟೇ ಹಣ ಮೊದಲ ವರ್ಷಕ್ಕೆಂದು ತೆಗೆದಿಡಲಾಗದಿದ್ದರೆ ಕೊಳ್ಳಬೇಡಿ.

ಆಮೇಲೆ ಬೆಂಗಳೂರಿಗೆ ಸಾಗಿಸೋಣ ಎಂಬ ಯೋಚನೆಯನ್ನೂ ಬಿಡಿ. ಭಾರತಕ್ಕೆ ತರುವ ಹಳೆಯ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು.

ಈಗಾಗಲೇ ಕೊಂಡಿದ್ದರೆ ಈ ವಾರವೇ ಫಿಲ್ಟರ್ ಕತ್ತರಿಸಿ ನೋಡಿ. ಅಯಸ್ಕಾಂತಕ್ಕೆ ಚೂರು ಅಂಟಿದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಕಾರು ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿ ಕರೆಸಿ ವರ್ಕ್‌ಶಾಪಿಗೆ ಕಳಿಸಿ. ಪುಡಿ ಒಳಗೆಲ್ಲ ಹರಡದಿದ್ದರೆ ಮಾತ್ರ ಬೇರಿಂಗ್ ಬದಲಾವಣೆಯಲ್ಲಿ ಮುಗಿಯುತ್ತದೆ.