ಐಡಿಯಾಗಳನ್ನೆಲ್ಲ ಆನ್‌ಲೈನ್ ಬೋರ್ಡಿಗೆ ಸುರಿಯೋ ಮುಂಚೆ ಸ್ವಲ್ಪ ತಡೀರಿ

ನಾಟಕ, ಕಿರುಚಿತ್ರ, ಕಾಮಿಕ್ಸ್ ಅಂತ ಏನಾದರೂ ಮಾಡುವವರು, ಹೊಳೆದದ್ದನ್ನೆಲ್ಲ ಯಾವುದೋ ಆಪ್‌ನಲ್ಲಿ ಕೂಡಿಡುತ್ತಿದ್ದರೆ ಇದನ್ನು ಓದಿ. ನಮಗೆ ಕೈಕೊಟ್ಟ ಆಪ್‌ನ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದನ್ನು ಬಿಟ್ಟು ಅಂಥದ್ದೇ ಇನ್ನೊಂದಕ್ಕೆ ಹೋಗಿ ಬೀಳುತ್ತೀರಿ.

ನಮ್ಮದು ಹನುಮಂತನಗರದ ಕಡೆಯ ಸಣ್ಣ ನಾಟಕ ತಂಡ. ಅವೆನ್ಯೂ ರಸ್ತೆಯ ಫೋಟೊಗಳು, ಕರಗದ ರಾತ್ರಿ ತಿಗಳರಪೇಟೆಯಲ್ಲಿ ಮಾಡಿಕೊಂಡ ರೆಕಾರ್ಡಿಂಗು, ಬಿಎಂಟಿಸಿ ಕಂಡಕ್ಟರ್ ಬಾಯಲ್ಲಿ ಬಂದ ಡೈಲಾಗು, ಎಲ್ಲ ಆ ಬೋರ್ಡಿಗೇ. ಬಣ್ಣದ ಚೀಟಿ ಅಂಟಿಸಿ, ಗೆರೆ ಎಳೆದು ಜೋಡಿಸೋದು ಸೊಗಸಾಗಿಯೇ ಇತ್ತು, ಸುಳ್ಳು ಹೇಳಬಾರದು. ಆಮೇಲೊಂದು ಮೇಲ್ ಬಂತು: ಉಚಿತ ಖಾತೆಗೆ ಇನ್ನು ಮಿತಿ, ಮಿತಿ ಮೀರಿದ ಬೋರ್ಡನ್ನು ನೋಡಬಹುದು, ತಿದ್ದುವಂತಿಲ್ಲ. ತಿದ್ದಬೇಕಾದರೆ ತಲೆಗಿಷ್ಟು ಅಂತ ತಿಂಗಳಿಗೆ ಡಾಲರ್. ರಿಹರ್ಸಲ್ ಜಾಗದ ಬಾಡಿಗೆಗೇ ಕೈಯಿಂದ ಹಾಕಿಕೊಳ್ಳುವವರಿಗೆ ಡಾಲರ್!

ಸರಿ, ಹಾಕಿದ್ದನ್ನೆಲ್ಲ ಫೈಲಾಗಿ ಹೊರತೆಗೆದು, ಅಂದರೆ ಎಕ್ಸ್‌ಪೋರ್ಟ್ ಮಾಡಿಕೊಂಡು ಹೊರಡೋಣ ಅಂದರೆ ನಿಜವಾದ ಪಡಿಪಾಟಲು ಶುರು. ಪಿಡಿಎಫ್‌ನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಅದು ಕನ್ನಡವೇ ಅಲ್ಲ. ವೆಬ್ ಪುಟದಂತೆ ತೆರೆಯುವ ಎಚ್‌ಟಿಎಂಎಲ್ ಫೈಲಿನಲ್ಲಿ ಅಕ್ಷರ ನೆಟ್ಟಗಿತ್ತು, ಆದರೆ ಫೋಟೊ, ಧ್ವನಿ ಅದರೊಳಗೆ ಇಲ್ಲ, ಕಂಪನಿಯ ಸರ್ವರಿಗೆ ಲಿಂಕ್ ಅಷ್ಟೇ. ಖಾತೆ ಮುಚ್ಚಿದರೆ ಅವೂ ಹೋದವು ಅಂತಲೇ ಲೆಕ್ಕ. ಚೀಟಿಗಳ ನಡುವಿನ ಗೆರೆಗಳಂತೂ ಯಾವ ಫೈಲಿನಲ್ಲೂ ಇಲ್ಲ. ಯಾವ ಮಾತು ಯಾವ ಪಾತ್ರದ್ದು ಅನ್ನೋದು ಇದ್ದದ್ದೇ ಆ ಗೆರೆಗಳಲ್ಲಿ! ದೂರು ಬರೆದರೆ 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಅನ್ನುವ ಸಿದ್ಧ ಉತ್ತರ.

ದೊಡ್ಡ ಹೆಸರು ಅಂತ ನೆಚ್ಚಿಕೊಳ್ಳಬೇಡಿ. ಟಿಪ್ಪಣಿ ಕೂಡಿಡುವ ಆಪ್ ಸ್ಪ್ರಿಂಗ್‌ಪ್ಯಾಡ್ 2014ರಲ್ಲೇ ಮುಚ್ಚಿತು. ಅಂಥದ್ದೇ ಇನ್ನೊಂದು ಆಪ್ ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ಉಚಿತ ಖಾತೆಯನ್ನು 50 ಟಿಪ್ಪಣಿ, ಒಂದೇ ನೋಟ್‌ಬುಕ್ಕಿಗೆ ಇಳಿಸಿತು. ಆಮೇಲೆ ಓದಲು ಲೇಖನಗಳನ್ನು ಎತ್ತಿಡುವ ಪಾಕೆಟ್ 2025ರ ಜುಲೈ 8ಕ್ಕೆ ಬಾಗಿಲು ಹಾಕಿತು.

ಹೊಸ ಆಪ್ ಹಿಡಿದ ದಿನವೇ ಹೀಗೆ ಮಾಡಿ. 'ರಾಷ್ಟ್ರ', 'ಜ್ಯೋತ್ಸ್ನಾ' ಥರದ ಒತ್ತಕ್ಷರದ ಪದ, ಒಂದು ಫೋಟೊ, ಒಂದು ರೆಕಾರ್ಡಿಂಗ್ ಹಾಕಿ, ಎಕ್ಸ್‌ಪೋರ್ಟ್ ಮಾಡಿ, ನೆಟ್ ಆಫ್ ಮಾಡಿ ತೆರೆಯಿರಿ. ಆಗ ಕಂಡದ್ದಷ್ಟೇ ನಿಮ್ಮದು. ತಂಡದ ಬೋರ್ಡಾದರೆ ಖಾತೆ ಯಾರ ಹೆಸರಲ್ಲಿದೆ ಅಂತಲೂ ನೋಡಿಕೊಳ್ಳಿ. ಅವರು ತಂಡ ಬಿಟ್ಟರೆ ಇನ್ನೊಂದು ಪಜೀತಿ. ನಾವೀಗ ಅಬ್ಸಿಡಿಯನ್ ಅನ್ನೋ ಟಿಪ್ಪಣಿ ಆಪ್‌ಗೆ ಬಂದಿದ್ದೇವೆ. ಬರೆದದ್ದು ನಮ್ಮದೇ ಕಂಪ್ಯೂಟರಿನಲ್ಲಿ ಮಾರ್ಕ್‌ಡೌನ್ ಅನ್ನೋ ಸಾದಾ ಪಠ್ಯದ ಫೈಲಾಗಿ ಕೂರುತ್ತದೆ, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ನೋಡಲು ಅಷ್ಟು ಚೆಂದವಿಲ್ಲ, ಇರಲಿ.

ಹಳೆಯ ಬೋರ್ಡಿನ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತಿದ್ದೇವೆ. ನಿಮಗೂ ಅಂಥದ್ದೇ ಮೇಲ್ ಬಂದಿದ್ದರೆ ಫೋಟೊ, ಧ್ವನಿಯನ್ನು ಮೊದಲು ಇಳಿಸಿಕೊಳ್ಳಿ, ಗೆರೆಗಳಿರುವ ಬೋರ್ಡಿನ ಸ್ಕ್ರೀನ್‌ಶಾಟ್ ತೆಗೆದಿಡಿ, ಖಾತೆ ಮುಚ್ಚೋದು ಆಮೇಲೆ.