ಪರಂಪರೆ ನಿಧಿ: ಪರಿಸರ ಪರೀಕ್ಷೆ ಮಸೂದೆಗೋ, ಕಾಮಗಾರಿಗೋ?

ಅಮೆರಿಕದಲ್ಲಿ ಹಳೇ ಕಟ್ಟಡಗಳನ್ನು ಉಳಿಸುವ ನಿಧಿಗೆ ಹಣ ಬರುವುದು ಸಮುದ್ರದ ತೈಲ ಗುತ್ತಿಗೆಗಳಿಂದ. ಅದು 1976ರ ಏರ್ಪಾಡು. ಇಂಥ ಕಾನೂನಿನ ಪರಿಸರ ಪರಿಣಾಮವನ್ನು ಯಾವ ಹಂತದಲ್ಲಿ ಅಳೆಯಬೇಕು?

ಮಸೂದೆ ಹಂತದಲ್ಲಿ ಅಳೆದರೆ ಹಣದ ಮೂಲವೂ ಸೇರಿ ಇಡೀ ಚಿತ್ರ ಕಾಣುತ್ತದೆ. ಆದರೆ ಯಾವ ಗೋಡೆ, ಯಾವ ಮರ ಅಂತ ಆಗಲೇ ಗೊತ್ತಿರುವುದಿಲ್ಲ ಅಲ್ವಾ? ಮೇಲಾಗಿ, ಬರೀ ಬಜೆಟ್ ಬೇಡಿಕೆಗೆ ಪರಿಸರ ವರದಿ ಬೇಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ.

ಕಾಮಗಾರಿ ಹಂತದ ಪರೀಕ್ಷೆ ನೆಲಕ್ಕೆ ಹತ್ತಿರ. ಹಳೇ ಕಿಟಕಿಯ ಸೀಸದ ಬಣ್ಣ ಕೆರೆದರೆ ಪುಡಿ ಅಂಗಳದ ಮಣ್ಣು ಸೇರುತ್ತದೆ. ಕೆಳಗೆ ಹಾಳೆ ಹಾಸಿ, ಒದ್ದೆ ಮಾಡಿಯೇ ಕೆರೆಯಬೇಕು ಎಂಬ ಷರತ್ತು ಹಾಕಲು ಇದೇ ಸರಿಯಾದ ಜಾಗ.

ದುರಸ್ತಿಗೆ ನನ್ನ ಆಯ್ಕೆ ಇದೇ. ಧನಸಹಾಯದ ನಿಯಮವನ್ನೇ ಹೊಸದಾಗಿ ಬರೆಯುವವರು ಮಾತ್ರ ಮಸೂದೆ ಹಂತವನ್ನು ಬಿಡಬಾರದು.